ಅರ್ಧ ಗೀಟು

ಶಿಡ್ಲಘಟ್ಟದ ಆಸ್ಪತ್ರೆ, ಹನ್ನೊಂದನೇ ಕೋಣೆ.
ಚಪ್ಪಲಿ ಬಿಟ್ಟು ತೂಕದ ಮಿಷನ್ ಹತ್ತಿದಳು ಮುನಿನಂಜಮ್ಮ.
ಹೊಲಿಗೆ ಬಿಚ್ಚಿ ಹಿಂದಿನ ಅಳತೆಗೆ ತಂದ ಕುಪ್ಪಸ,
ತೋಳಿನ ಮೇಲೆ ಹಳೆಯ ದಾರದ ಗುರುತು ಇನ್ನೂ ಸಾಲಾಗಿದೆ.
ನಲವತ್ತಾರು ಕೆ.ಜಿ.
ಆರು ತಿಂಗಳ ಗುಳಿಗೆ ಮುಗಿದು, ಕೆಮ್ಮು ನಿಂತು,
ಕಳಕೊಂಡದ್ದು ಹೆಚ್ಚುಕಮ್ಮಿ ಮರಳಿದೆ.
'ಇದು ಜಾರದ ಹಾಗೆ ನೋಡಿಕೊಳ್ಳಿ' ಎಂದು ಚೀಟಿಯಲ್ಲಿ ಗೀಚಿ
ಡಾಕ್ಟರು ನನ್ನ ಮೇಜಿಗೆ ಕಳಿಸಿದ್ದಾರೆ.

ನನ್ನದು ಲೆಕ್ಕದ ಮೇಜು.
ತೂಕಕ್ಕೆ ಹತ್ತರಂತೆ ಹಿಡಿ, ಎತ್ತರಕ್ಕೆ ಆರೂಕಾಲು,
ವಯಸ್ಸಿಗೆ ಐದರಂತೆ ಕಳೆ,
ಹೆಣ್ಣಾದರೆ ಇನ್ನೂ ನೂರ ಅರವತ್ತೊಂದು ಕಳೆ.
ಯಾಕೆಂದು ಕೇಳುವ ಹಾಗಿಲ್ಲ, ಸೂತ್ರ ಹಾಗಿದೆ.
ಬಂತು, ಒಂಬೈನೂರ ಅರವತ್ತು.

'ಏನೂ ಮಾಡದೆ ಸುಮ್ಮನೆ ಮಲಗಿದ್ದರೂ
ಇಷ್ಟು ಕ್ಯಾಲೊರಿ ಬೇಕು ನಿಮಗೆ' ಅಂದೆ.
'ಏನೂ ಮಾಡದೆಯಾ?'
ನಕ್ಕಳು. ಬೆಂಚಿನ ಮೇಲಿದ್ದವರೂ ನಕ್ಕರು.
'ಅಂಗೆ ಮಲಗಿದ್ದು ಯಾವಾಗಮ್ಮಣ್ಣಿ?
ಜ್ವರ ಕಾಯ್ತಿದ್ದಾಗಲೂ ಸೊಪ್ಪು ಬಿಡಿಸ್ತಿದ್ದೆ.'

ಮುಂದಿನ ಸಾಲು, ದಿನದ ಕೆಲಸ:
ಹಗುರ, ಸಾಧಾರಣ, ಭಾರಿ. ಒಂದಕ್ಕೆ ಗುರುತು ಹಾಕಬೇಕು.
ಅವಳು ಹೇಳುತ್ತ ಹೋದಳು.
ಬೆಳಗಿನ ಜಾವ ಹಿಪ್ಪುನೇರಳೆ ಕೊಯ್ದು ತಲೆಹೊರೆ,
ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು,
ನಡುವೆ ಕಸ ತೆಗೆಯೋದು, ಎರಡು ಸೀಮೆಹಸು, ಅಡುಗೆ,
ರಾತ್ರಿ ಹತ್ತಕ್ಕೆ ಕಡೇ ಸೊಪ್ಪು.
ಹಣ್ಣಾದ ಹುಳ ಆಯ್ದು ಚಂದ್ರಿಕೆಗೆ ಬಿಡೋ ದಿನ
ಕೂತ ನೆನಪೇ ಇಲ್ಲ.
ಗೂಡು ಮಾರಿದ ಮೇಲೆ ಹತ್ತು ದಿನ ಬರೀ ತೊಳೆಯೋದು, ಸುಣ್ಣ ಬಳಿಯೋದು.
'ಯಾವುದಕ್ಕೆ ಹಾಕ್ತೀಯ ಗೀಟು?'

ಪೆನ್ನು ಸಾಧಾರಣ ಬಿಟ್ಟು ಭಾರಿ ಮುಟ್ಟದೆ ನಡುವೆ ನಿಂತಿತು.
ಒಂದು ಪಾಯಿಂಟ್ ಏಳು ಅಂತಿಟ್ಟುಕೊಂಡು ಗುಣಿಸಿದೆ.
ಸಾವಿರದ ಆರುನೂರ ಮೂವತ್ತೆರಡು.
ಆ ಕೊನೆಯ ಎರಡನ್ನು ಬರೆಯುವಾಗ
ನನಗೇ ನಾಚಿಕೆಯಾಯಿತು.

'ಮುದ್ದೇಲಿ ಹೇಳು' ಅಂದಳು.
'ನಿಮ್ಮ ಮನೆ ಮುದ್ದೆ ಎಷ್ಟು ದೊಡ್ಡದು?'
'ಅವರಿಗೆ ಇಷ್ಟು', ಎರಡು ಬೊಗಸೆ ಕೂಡಿದವು.
'ಮಗನಿಗೆ ಇಷ್ಟು', ಇನ್ನೂ ಕೊಂಚ ಅಗಲವಾದವು.
'ನಂಗೆ...'
ಬರಿಗೈ ಗಾಳಿಯಲ್ಲೇ ತಪ್ಪಲೆಯ ತಳ ಕೆರೆಯಿತು.

'ಹುಳದ ಲೆಕ್ಕ ಕೇಳು, ಹೇಳ್ತೀನಿ.
ನೂರು ಮೊಟ್ಟೆಗೆ ಎಷ್ಟು ಹೊರೆ ಅಂತ
ನಿದ್ದೇಲಿ ಎಬ್ಬಿಸಿ ಕೇಳಿದ್ರೂ ತಪ್ಪಲ್ಲ.
ಒಂದು ಹೊತ್ತು ಕಮ್ಮಿ ಹಾಕಿ ನೋಡು,
ಗೂಡು ಹಿಸುಕಿದ್ರೆ ಮೆತ್ತಗೆ.'

ಹುಳದ್ದು ಸಲೀಸು, ಅಂದುಕೊಂಡೆ.
ಮೂರು ವಾರ ಚಿಲ್ಲರೆ ಮೇಯುತ್ತದೆ,
ಒಂದು ದಿನ ಬಾಯಿ ಮುಚ್ಚಿ ತಲೆ ಎತ್ತುತ್ತದೆ, ಮುಗಿಯಿತು.
ಇದ್ದಷ್ಟೇ ಇರುವುದಕ್ಕೆ ದಿನಾ ಉಣ್ಣುವ ಪಾಡು
ಅದಕ್ಕೆ ಗೊತ್ತಿಲ್ಲ.

'ಮೂರು ದಿನ ಉಂಡದ್ದೆಲ್ಲ ಗುರುತು ಹಾಕಿಡಿ' ಅಂದೆ.
'ಓದು ಬರಹ ಬರಲ್ಲ.'
'ಗೀಟು ಎಳೀರಿ. ಮುದ್ದೆಗೊಂದು.'

ಮುಂದಿನ ವಾರ ಜಂಗಮಕೋಟೆ ಕಡೆ ಹೋದವಳು
ಅವಳ ಮನೆಗೂ ಹೋದೆ.
ಹುಳದ ಮನೆಯೊಳಗೆ ಬಿಡಲಿಲ್ಲ,
ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ.
ಹೊಸ್ತಿಲಾಚೆ ನಿಂತೇ ನೋಡಿದೆ:
ಬಾಗಿಲ ಎಡ ಹಲಗೆಗೆ ಹುಳದ ಸೀಮೆಸುಣ್ಣ,
ಬಲ ಹಲಗೆಗೆ ಅವಳದ್ದು.
ಒಳಗೆ ಸಾವಿರಾರು ಬಾಯಿ,
ಯಾರೋ ಹಳೇ ಪೇಪರು ಮಡಿಸುತ್ತ ಕೂತ ಸದ್ದು.

ಮೊದಲ ದಿನ ಎರಡು ಗೀಟು. ಎರಡನೇ ದಿನ ಎರಡು.
ಮೂರನೇ ದಿನ ಒಂದು, ಪಕ್ಕದಲ್ಲಿ ಮೊಟುಕು.
'ಇದೇನು?'
'ಅರ್ಧ. ಅವತ್ತು ನೆಂಟರು ಬಂದಿದ್ರು.'

ಎಡ ಹಲಗೆಯಲ್ಲಿ ಮೇಲಿನಿಂದ ಕೆಳಗಿನವರೆಗೆ
ಅರ್ಧ ಗೀಟು ಹುಡುಕಿದೆ.
'ಹೊತ್ತಾಯ್ತು, ಸೊಪ್ಪು ಹಾಕ್ಬೇಕು'
ಅಂತ ಅವಳು ಎದ್ದಳು.