ನೂರೊಂದು, ನೂರಹತ್ತು

ಪಿ.ಬಿ. ರಸ್ತೆ, ಟೈರ್ ಅಂಗಡಿಯ ಮೇಲಿನ ಮಹಡಿ.
ಎಸಿ ಇರುವುದು ಯಂತ್ರಗಳಿಗೆ,
ನಾನು ಶಾಲು ಹೊದ್ದು ಕೂತಿದ್ದೇನೆ.
ಹನ್ನೊಂದು ಸಾವಿರದ ಆರುನೂರು ಮನೆಗಳ ರೂಟರು
ಈ ಒಂದು ಪರದೆಯ ಮೇಲೆ
ಸಾಸಿವೆಯಷ್ಟಷ್ಟೇ ಹಸಿರು ಚುಕ್ಕಿ.

ಯಾರ ಬಾಗಿಲನ್ನೂ ನಾನು ತಟ್ಟುವುದಿಲ್ಲ.
ಅವೇ ಬರುತ್ತವೆ, ರೇಷನ್ ಅಂಗಡಿಗೆ ಬಂದ ಹಾಗೆ
ತಮ್ಮ ತಮ್ಮ ಹೊತ್ತಿಗೆ, ನಂಬರು ಹೇಳಿಕೊಂಡು:
ನಾನು ನಿಟ್ಟುವಳ್ಳಿಯದು, ಆರಾಮಿದ್ದೇನೆ, ಹೊಸದೇನಾದರೂ ಇದೆಯಾ?
ನಾನು ಬೇತೂರು ರಸ್ತೆಯದು, ನಿನ್ನೆ ನಾಲ್ಕು ಸಲ ಕರೆಂಟು ಹೋಗಿತ್ತು.
ಏನಿಲ್ಲ, ನಾಳೆ ಬಾ, ಎನ್ನುತ್ತದೆ ಸರ್ವರು.
ಇದ್ದರೆ ಕೊಡುತ್ತದೆ;
ಅವು ಮರುಮಾತಿಲ್ಲದೆ ಉಟ್ಟುಕೊಂಡು ಹೋಗುತ್ತವೆ.

ಮನೆಯೊಳಗಿನವರು ನನಗೆ ಗೊತ್ತಿಲ್ಲ.
ಅವರು ವೈಫೈಗೆ ಇಟ್ಟ ಹೆಸರು ಗೊತ್ತು:
‘ಕೇಳಬೇಡ ಕೊಡಲ್ಲ’, ‘ಮೇಷ್ಟ್ರ ಮನೆ ಮಹಡಿ’,
‘ಪಕ್ಕದ್ಮನೆಯೋನೇ ಅರ್ಧ ದುಡ್ ಕೊಡು’,
ಮಂಡಕ್ಕಿ ಭಟ್ಟಿಯ ಓಣಿಯಲ್ಲೊಂದು ‘ಉರಿ ಜಾಸ್ತಿ’.

ಆ ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ
ಎಲ್ಲರ ದಾರಿಯ ಸಂಖ್ಯೆ ಬದಲಿಸಬೇಕಿತ್ತು. ನೂರೊಂದು.
ನಾನು ಹೊಡೆದದ್ದು ನೂರಹತ್ತು.
ಅಷ್ಟೇ. ಒಂದು ಸೊನ್ನೆ, ಒಂದು ಒಂದು,
ಬಸ್ಸಿನಲ್ಲಿ ಕಿಟಕಿ ಸೀಟು ಅದಲುಬದಲು ಮಾಡಿಕೊಂಡ
ಇಬ್ಬರು ಗೆಳತಿಯರ ಹಾಗೆ.

ಮೊದಲ ಹಸಿರು ಬೂದಿಯಾಯಿತು. ಕರೆಂಟಿರಬೇಕು ಅಂದೆ.
ಹತ್ತು. ನಲವತ್ತು.
ಕೊಟ್ರೇಶಿ ಚಹಾದ ಲೋಟ ಕೆಳಗಿಡುವಷ್ಟರಲ್ಲಿ
ನಿಲ್ಲಿಸುವ ಗುಂಡಿ ಒತ್ತಿದೆ.
ಮುನ್ನೂರ ಹನ್ನೆರಡು.

ತಿದ್ದುವುದೇನು, ಒಂದು ನಿಮಿಷ. ತಿದ್ದಿಟ್ಟೆ.
ಬಂದು ತೆಗೆದುಕೊಳ್ಳಬೇಕಾದವು
ಬರುವ ದಾರಿಯನ್ನೇ
ನನ್ನ ಮಾತು ಕೇಳಿ ಬಿಟ್ಟುಬಿಟ್ಟಿದ್ದವು.
ಯಾವತ್ತೂ ಹೇಳಿದ್ದು ಕೇಳದ ಎರಡು ಹಳೇ ಡಬ್ಬಿ ಮಾತ್ರ
ಹಳೇಪೇಟೆಯಲ್ಲಿ ಹಸಿರಾಗಿಯೇ ಉರಿಯುತ್ತಿದ್ದವು.

ಬೆಳಿಗ್ಗೆ ಏಳಕ್ಕೆ ದಾದಾಪೀರ್ ಹೊರಟ.
ಸ್ಕೂಟರಿನ ಡಿಕ್ಕಿಯಲ್ಲಿ ಪಟ್ಟಿ, ಜೇಬಿನಲ್ಲಿ ಗುಂಡುಪಿನ್ನು.
ಪ್ರತಿ ಪೆಟ್ಟಿಗೆಯ ಬೆನ್ನಲ್ಲೂ ಒಂದು ಸಣ್ಣ ತೂತು,
ಕಿವಿ ಚುಚ್ಚುವವನ ಹಾಗೆ ಗುರಿಯಿಟ್ಟು
ಹತ್ತು ಎಣಿಸುವ ತನಕ ಅದುಮಿ ಹಿಡಿಯಬೇಕು;
ಆಗ ಅದು ಎಲ್ಲ ಮರೆತು
ಕಾರ್ಖಾನೆಯಲ್ಲಿ ಕಲಿತ ಮೊದಲ ದಾರಿ ಹಿಡಿದು
ಮತ್ತೆ ನನ್ನ ಹತ್ತಿರ ಬರುತ್ತದೆ.
ಮೂರು ದಿನ. ಒಂದು ಪಂಕ್ಚರ್.
ಕೆ.ಟಿ.ಜೆ. ನಗರದಲ್ಲೊಂದು ನಾಯಿ.

ಭಟ್ಟಿಯಿಂದ ಅವನ ಫೋನು: ‘ಮೆಹಬೂಬ್‌ಬಿ ಮಾತಾಡ್ತಾರಂತೆ, ತಗೊಳ್ರಿ.’
‘ನೆಟ್ ಬಂತಮ್ಮಾ, ಹೆಸರೆಲ್ಲಿ ಹೋತು?
ನಮ್ಮ ಹುಡ್ಗಿ ಇಟ್ಟಿದ್ಲು.
ಈಗ ಏನೋ ಲಾರಿ ನಂಬರ್ ಇದ್ದಂಗೈತಿ.’
ಅವಳ ಹಿಂದೆ ಕಾದ ಉಸುಕಿನಲ್ಲಿ
ಅಕ್ಕಿ ಚಟಪಟ ಅರಳುವ ಸದ್ದು.
ನಾನಿಲ್ಲಿ, ಎರಡು ಕಿಲೋಮೀಟರು ಆಚೆ,
ಉ, ರಿ, ಒಂದು ತೆರಪು, ಜಾಸ್ತಿ.
‘ಹಾಂ, ಬಂತು,’ ಅಂದಳು. ಫೋನಿಟ್ಟಳು. ಬೈಯಲೂ ಇಲ್ಲ.

ಮಿಕ್ಕವರು ಬೈದರು.
ಒಂದೆರಡು ಬೈಗುಳ ನಾನು ಅಲ್ಲಿಯ ತನಕ ಕೇಳಿರಲಿಲ್ಲ.

ಈಗ ಬದಲಾವಣೆ ಏನೇ ಇರಲಿ
ಮೊದಲು ಒಂದೇ ಮನೆಗೆ ಕಳಿಸುತ್ತೇನೆ, ವಿನೋಬನಗರ, ಮೂರನೇ ಮೇನ್.
ಆಮೇಲೆ ಹತ್ತು, ನೂರು,
ಮಂಡಿಪೇಟೆ ಬಾಗಿಲು ಹಾಕಿದ ಮೇಲೆ ಸಾವಿರ.
ಆ ಒಂದು ಮನೆ ನಮ್ಮದೇ.
ನಿದ್ದೆ ಬಾರದ ನಮ್ಮತ್ತೆ
ರಾತ್ರಿಯೆಲ್ಲ ಹಳೇ ಧಾರಾವಾಹಿ ನೋಡುತ್ತಾರೆ.
ಲೈನು ಕಣ್ಣು ಮಿಟುಕಿಸಿದರೂ ಪತ್ತೆ ಹಚ್ಚುವ
ಅವರಂಥ ಯಂತ್ರ ನಮ್ಮ ಕಂಪನಿಯಲ್ಲಿಲ್ಲ.
ಫೋನು ಪಕ್ಕದಲ್ಲಿಟ್ಟುಕೊಂಡು ಹದಿನೈದು ನಿಮಿಷ ಕಾಯುತ್ತೇನೆ.

ಇವತ್ತು ಒಂಬತ್ತನೇ ನಿಮಿಷಕ್ಕೆ ರಿಂಗಾಯಿತು.
‘ಏನಾರ ಮಾಡಿದೇನೇ?’
ನಿಂತಿತಾ ಅತ್ತೆ?
‘ನಿಂತಿಲ್ಲ. ಸುಮ್ನೆ ಕೇಳಿದೆ. ಹಾಲಿಗೆ ಹೆಪ್ಪು ಹಾಕಿದ್ಯೋ ಇಲ್ಲೋ?’
ಇಲ್ಲ. ಮರೆತೇ ಹೋಗಿತ್ತು.
‘ಬಿಡು, ನಾ ಹಾಕ್ತೀನಿ.’

ಹತ್ತು ಮನೆಗೆ ಕಳಿಸಿದೆ.