ಕಬ್ಬಿಣದ ಕೊಕ್ಕು

ಅಂಗಡಿಯ ಹುಡುಗಿ ಮೂರನ್ನು ಮುಂದಿಟ್ಟಳು.
ಒಂದಕ್ಕೆ ಚಿಟ್ಟೆರೆಕ್ಕೆಯಂಥ ತಿರುಪು, ಹಲ್ಲಿನ ಗಾಲಿ.
ಇನ್ನೊಂದು ಮುಚ್ಚಳವನ್ನು ಅಂಚಿನಿಂದಲೇ ಬಿಡಿಸುತ್ತದಂತೆ,
ಬೆರಳಿಗೆ ಗಾಯವಿಲ್ಲ, ಗಾಯವೆಲ್ಲ ಬೆಲೆಯಲ್ಲಿ.
ಮೂರನೆಯದು ಮರದ ಹಿಡಿ, ಒಂದು ಕೊಕ್ಕು, ಅಷ್ಟೆ.
"ಇದನ್ನೀಗ ಯಾರೂ ಒಯ್ಯಲ್ಲ ಅಕ್ಕಾ" ಅಂದಳು.
ಭೂಮಿ ನಡುಗಿದಾಗ ಅವಳಿನ್ನೂ ಹುಟ್ಟಿರಲಿಲ್ಲ.

ಗ್ಯುಮ್ರಿಗೆ ಆಗ ಬೇರೆ ಹೆಸರು.
ಆ ಚಳಿಗಾಲ ನಮಗೆ ಮನೆಯೆಂದರೆ ಗಾಲಿ ಕಳಚಿದ ರೈಲುಡಬ್ಬಿ.
ಡಬ್ಬಿಯೊಳಗೆ ನಾವು, ನಮ್ಮೊಳಗೆ ಹಸಿವು,
ಹಲಗೆಯ ಮೇಲೆ ಸಾಲಾಗಿ ಮತ್ತೆ ಡಬ್ಬಿ:
ಯಾವ ಯಾವುದೋ ದೇಶದ ಮೀನು, ಬಟಾಣಿ, ಗಟ್ಟಿ ಹಾಲು,
ಓದಲು ಬಾರದ ಲಿಪಿ, ಮೇಯುತ್ತಿರುವ ಹಸುವಿನ ಚಿತ್ರ.
ಲೋಕವೆಲ್ಲ ಊಟ ಕಳಿಸಿತ್ತು,
ತೆರೆಯುವುದನ್ನು ಕಳಿಸಲು ಮರೆತಿತ್ತು.

ಹನ್ನೊಂದು ಸಂಸಾರಕ್ಕೆ ಒಂದೇ ಕೊಕ್ಕು,
ಅರ್ಷಲೂಯ್ಸ್ ಅಜ್ಜಿಯದು.
ಅಡುಗೆಮನೆ ಕುಸಿದಾಗ ಅವಳ ಜೇಬಿನಲ್ಲಿತ್ತಂತೆ,
ಅದೂ, ಎರಡು ಲವಂಗವೂ.
ಬಾಗಿಲ ಮೊಳೆಗೆ ನೀಲಿ ಉಣ್ಣೆದಾರದಲ್ಲಿ ತೂಗುಬಿಟ್ಟಿದ್ದಳು.
ಒಯ್ದವರು ತೊಳೆದು ಒರೆಸಿ ತರಬೇಕು, ತುಕ್ಕು ಕಂಡರೆ ಶಾಪ.
ಸುಮ್ಮನೆ ಒಯ್ಯುವ ಹಾಗೂ ಇಲ್ಲ,
ನಿಲ್ಲಿಸಿ ಕೇಳುವಳು: "ಏನಿದೆ ಇವತ್ತು?"
ಹೀಗೆ ಅವಳಿಗೆ ತಿಳಿಯುತ್ತಿತ್ತು
ಯಾರಲ್ಲಿ ಮೀನು, ಯಾರಲ್ಲಿ ಬರೀ ಬಟಾಣಿ,
ಮೂರು ದಿನದಿಂದ ಯಾರು ಕೊಕ್ಕು ಕೇಳಲು ಬಂದೇ ಇಲ್ಲ.

ನನಗೆ ಕಲಿಸಿದಳು:
ಡಬ್ಬಿಯನ್ನು ಎದೆಗಾನಿಸಬೇಡ, ನೆಲಕ್ಕಿಡು.
ಅಂಚಿನ ಒಳಗೆ ಕೊಕ್ಕು ನೆಟ್ಟಗೆ ನಿಲ್ಲಲಿ,
ಅಂಗೈಯಿಂದ ಒಂದೇ ಏಟು.
ಎರಡನೆಯ ಏಟಿಗೆ ಎಣ್ಣೆ ಹಾರುತ್ತದೆ.
ಆಮೇಲೆ ಕೊಯ್ಯಬೇಡ ಹುಡುಗಿ, ಕುಕ್ಕು;
ಕೋಳಿ ಕಾಳು ಹೆಕ್ಕಿದ ಹಾಗೆ
ಎತ್ತು, ಇಳಿಸು, ಸರಿ,
ಎತ್ತು, ಇಳಿಸು.
ಪೂರ್ತಿ ಸುತ್ತಬೇಡ, ಬೆರಳಗಲ ಬಿಡು,
ಬಾಗಿಲಿಗೆ ಎಲ್ಲಾದರೂ ಒಂದು ತಿರುಗಣಿ ಬೇಕು.
ಗಾಜಿನ ಜಾಡಿಯ ಮಾತು ಬೇರೆ,
ಅದು ಬಲಕ್ಕೆ ಬಗ್ಗುವ ಜಾತಿಯಲ್ಲ.
ಮುಚ್ಚಳದಂಚಿಗೆ ಚಮಚೆಯ ತುದಿ ತೂರಿಸಿ
ಒಂದಿಷ್ಟು ಉಸಿರಾಡಲು ಬಿಡು.
'ಟಪ್' ಅಂದಿತೋ, ಒಪ್ಪಿತು ಅಂತ.

ಬಾರದೆ ಇದ್ದವನು ಹ್ರಾಚಿಕ್.
ಹೆಂಡತಿಯ ಕೋಟು ಹೊದ್ದು ತಗಡಿನ ಗೋಡೆ ನೋಡುತ್ತ ಕೂತಿದ್ದ.
ಅಜ್ಜಿ ತಾನೇ ಹೋದಳು, ಹಿಂದೆ ನಾನು.
ಕೊಕ್ಕನ್ನು ಅವನ ಕೈಗಿಟ್ಟು
"ನನ್ನಿಂದ ಆಗ್ತಿಲ್ಲಪ್ಪ, ತೆಗೆದುಕೊಡು" ಅಂದಳು.
ಶುದ್ಧ ಸುಳ್ಳು. ಒನಕೆಯಂಥ ಮಣಿಕಟ್ಟು ಅವಳದು.

ಅವನು ಬಹಳ ಹೊತ್ತು ಡಬ್ಬಿಯನ್ನೇ ನೋಡಿದ.
ಮೊದಲ ಏಟು ಜಾರಿತು.
ಎರಡನೆಯದಕ್ಕೆ ಎಣ್ಣೆ ಚಿಮ್ಮಿ
ಕೋಟಿನ ಕಾಲರಿಗೆ ಬಿತ್ತು.
ಬೈದ. ಡಬ್ಬಿಯನ್ನು, ಮೀನನ್ನು, ಮೀನು ಹಿಡಿದವನನ್ನು,
ಕೊನೆಗೆ ನೆಲವನ್ನು.
ಬೈದ ಬಾಯಿ ತೆರೆದೇ ಇತ್ತು,
ಅಜ್ಜಿ ಅದರೊಳಗೆ ಒಂದು ಮೀನಿಟ್ಟಳು.

"ಅಕ್ಕಾ, ಯಾವುದು ಕಟ್ಟಲಿ?"
ಗಾಲಿಯದನ್ನು ಕಟ್ಟಿಸಿದೆ.
ಹೆಬ್ಬೆರಳ ಸಂದು ನೋಯುತ್ತದೆ, ಸುಳ್ಳು ಯಾಕೆ.
ಈಗಿನ ಡಬ್ಬಿಗಳಿಗಂತೂ ಉಂಗುರವೇ ಇರುತ್ತದೆ,
ಬೆರಳು ತೂರಿಸಿ ಎಳೆದರೆ ಮುಗಿಯಿತು,
ಯಾರನ್ನೂ ಏನೂ ಕೇಳಬೇಕಿಲ್ಲ.
ಕೊಕ್ಕನ್ನೂ ಕೊಂಡೆ, ಮೊಳೆಗೆ ಹಾಕಲು.
ನೀಲಿ ದಾರ ಮನೆಯಲ್ಲಿಲ್ಲ, ಹಸಿರಿದೆ, ಆದೀತು.

ಮೇಲಿನ ಮಹಡಿಗೆ ಹೊಸದಾಗಿ ಬಂದಾಕೆ
ನಾಲ್ಕು ದಿನವಾಯಿತು, ಮೆಟ್ಟಿಲಿಳಿದಿಲ್ಲ.
ನನ್ನ ಹತ್ತಿರ ಏಪ್ರಿಕಾಟಿನ ಒಂದು ಜಾಡಿ ಇದೆ.
ಮುಚ್ಚಳವೇನೂ ಅಂಥ ಬಿಗಿಯಿಲ್ಲ.