ದನಿ ಇಳೀತು

ಆಷಾಢದ ರಾತ್ರಿ ಪಾಳಿ. ಡಂಬಳದ ಸಬ್‌ಸ್ಟೇಷನ್ನಿನಾಗ
ನಾನು, ದಾವಲಸಾಬ ನದಾಫ, ಒಂದು ಥರ್ಮಾಸು ಚಾ.
ಪರದೆ ಮ್ಯಾಲ ಐವತ್ತು ಅನ್ನೂ ಅಂಕಿ
ಮಲಗಿದ ಕೂಸಿನ ಹೊಟ್ಟಿ ಹಂಗ
ತುಸು ಮ್ಯಾಲ, ತುಸು ಕೆಳಗ.

ಹೊರಗ ಕಪ್ಪತಗುಡ್ಡದ ಬೆನ್ನಿಗೆ
ಗಾಳಿಯಂತ್ರಗಳ ಕೆಂಪು ದೀಪ.
ಬಂದಷ್ಟೂ ಗಾಳಿ ಉಣ್ಣಬ್ಯಾಡ್ರಿ ಅಂತ
ರೆಕ್ಕಿ ಓರೆ ಮಾಡಿ ಇಟ್ಟೀವಿ.
ಲೆಕ್ಕದವರು ಇದಕ್ಕ ನಷ್ಟ ಅಂತಾರ.

ಎರಡೂ ನಲವತ್ತಕ್ಕ, ಎಲ್ಲೋ ದೂರ,
ಹೆಸರು ಗೊತ್ತಿಲ್ಲದ ದೊಡ್ಡ ಯಂತ್ರೊಂದು ಕೈಬಿಟ್ಟಿತು.
ನಲವತ್ತೊಂಬತ್ತು ಪಾಯಿಂಟ್ ಎಂಟು.
ಏಳು.
ದಾವಲಸಾಬನ ಬಶಿ ತುಟಿ ಮುಟ್ಟದ ನಿಂತಿತು.

ನಾವೇನೂ ಮಾಡಲಿಲ್ಲ, ಖರೇ ಹೇಳ್ತೀನಿ.
ಎಂದೋ ಬರೆದಿಟ್ಟ ನಾಕು ಸಾಲಿನ ಸೂತ್ರ
ಗುಡ್ಡದ ಮ್ಯಾಲ ತಾನ ಎದ್ದಿತು.
ಕೈ ಬಿಟ್ಟ ಮ್ಯಾಲೂ ಬೀಸುಕಲ್ಲು ಎರಡು ಸುತ್ತು ತಿರಗತದಲ್ಲ,
ಆ ಎರಡು ಸುತ್ತನ್ನ ರೆಕ್ಕಿಗಳು ಮೈಯಿಂದ ತಗದು ಕೊಟ್ಟವು,
ಆಮ್ಯಾಲ ಓರೆ ಬಿಟ್ಟು ಗಾಳಿಗೆ ಎದಿಯೊಡ್ಡಿದವು.

ಪಾಯಿಂಟ್ ಎಂಟು. ಒಂಬತ್ತು.
ಬೆಟಗೇರಿಯ ಮಗ್ಗದಾಗ ಒಂದೆಳಿ ಕಡೀಲಿಲ್ಲ.
ಎಚ್ಚರಿದ್ದವರಿಗೂ ಗೊತ್ತಾಗಲಿಲ್ಲ.

"ನಮ್ಮಪ್ಪ ಹತ್ತಿ ಹಿಂಜೂ ಮುಂದ," ಅಂದ ದಾವಲಸಾಬ,
"ಬಿಲ್ಲಿನ ನರ ಕೂದಲೆಳಿಯಷ್ಟು ಸಡ್ಲಾದರೂ
ಕಣ್ಣು ಮುಚ್ಚಿಕೊಂಡ ಹೇಳ್ತಿದ್ದ ನೋಡ್ರಿ, ದನಿ ಇಳೀತು ಅಂತ."

ಗುಡ್ಡದ ರೆಕ್ಕಿಗಳು ಇನ್ನೂ ನಿಧಾನ,
ಕೊಟ್ಟ ವೇಗ ತಿರುಗಿ ಗಳಿಸಾಕ ಹತ್ತಿದ್ದವು.
ನಾನು ದಫ್ತರದಾಗ ಬರದೆ: ಇಳಿತ, ಚೇತರಿಕೆ, ಹನ್ನೊಂದು ಸೆಕೆಂಡು.
ಪೆನ್ನಿನ ಮಸಿ ಮುಗದಿತ್ತು,
ಸೆಕೆಂಡು ಅನ್ನೂದು ಬರೇ ಗೀರಾತು.
ಚಾ ಆರಿತ್ತು. ಹಂಗ ಕುಡಿದ್ವಿ.